ಸೀರೆಯೊಳಗೆ ಯಾವುದು: ಲಾಡಿ ಲಂಗವೋ, ಶೇಪ್‌ವೇರೋ?

ದಿನಾ ಸೀರೆ ಉಡುವವರು ರಾತ್ರಿ ಲಂಗ ಬಿಚ್ಚಿದ ಮೇಲೆ ಸೊಂಟದ ಸುತ್ತ ಒಂದು ಸಲ ಬೆರಳು ಆಡಿಸಿ ನೋಡಿ. ಒಂದು ತಗ್ಗು ಸಿಗುತ್ತದೆ. ಅದು ಲಾಡಿ ಕೂತ ಜಾಗ. ನನ್ನದು 14 ವರ್ಷದ ಗೆರೆ. ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್ ನಾನು, ಬೆಳಗ್ಗೆ ಏಳೂವರೆಗೆ ಉಟ್ಟ ಸೀರೆ ಬಿಚ್ಚುವುದು ಸಂಜೆ ಐದರ ಮೇಲೆ, ನಡುವೆ ಕೂರುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಮೊದಮೊದಲು ಆ ಗೆರೆ ಸಂಜೆ ಕೆಂಪಗಿದ್ದು ಬೆಳಗಾಗುವಷ್ಟರಲ್ಲಿ ಹೋಗುತ್ತಿತ್ತು. ಆಮೇಲೆ ಹೋಗುವುದು ನಿಂತಿತು. ಈಗ ಅಲ್ಲಿ ಚರ್ಮ ಕಪ್ಪಾಗಿ ದಪ್ಪವಾಗಿದೆ, ಏಪ್ರಿಲ್ ಬಂತೆಂದರೆ ತುರಿಕೆ.

ಮೈಗೆ ಅಂಟಿ ಆಕಾರ ಕೊಡುವ ಒಳಉಡುಪು, ಅಂದರೆ ಶೇಪ್‌ವೇರ್ ಕಡೆ ನಾನು ಹೋಗಿದ್ದು ಈ ಗೆರೆಯಿಂದ. ತೆಳ್ಳಗೆ ಕಾಣುವ ಆಸೆ ಇರಲಿಲ್ಲ ಅಂತ ಅಲ್ಲ. ಮೈಸೂರು ಸಿಲ್ಕ್ ಉಟ್ಟಾಗ ನೆರಿಗೆ ನೀಟಾಗಿ ಕೆಳಗಿಳಿಯಬೇಕು, ಹೊಟ್ಟೆಯ ಹತ್ತಿರ ಲಂಗದ ಸುಕ್ಕು ಉಬ್ಬಿಕೊಂಡು ಕಾಣಬಾರದು ಅಂತ ಯಾರಿಗೆ ಅನಿಸುವುದಿಲ್ಲ ಹೇಳಿ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ನಾಲ್ಕು ಬಗೆ ಹಾಕಿ ನೋಡಿ, ಒಂದು ಸಲ ಚೆನ್ನಾಗಿ ಅನುಭವಿಸಿದ ಮೇಲೆ, ಅಂಗಡಿಯಲ್ಲಿ ನಾನು ಕೇಳುವ ಪ್ರಶ್ನೆಯೇ ಬದಲಾಗಿದೆ. ಎಷ್ಟು ಇಂಚು ಕಡಿಮೆ ಕಾಣುತ್ತದೆ ಅಂತ ಈಗ ಕೇಳುವುದಿಲ್ಲ. ಸೀರೆಯ ಭಾರ ನನ್ನ ಮೈಮೇಲೆ ಎಷ್ಟು ಅಗಲದ ಜಾಗದಲ್ಲಿ ಕೂರುತ್ತದೆ ಅಂತ ನೋಡುತ್ತೇನೆ.

ಐದೂವರೆ ಮೀಟರ್ ಬಟ್ಟೆ. ಜರಿ ತುಂಬಿದ ಮದುವೆ ಸೀರೆಯಾದರೆ ಹತ್ತಿರ ಹತ್ತಿರ ಒಂದು ಕಿಲೋ, ಕೆಲವು ಅದಕ್ಕೂ ಜಾಸ್ತಿ. ಅಷ್ಟೂ ಭಾರ ನೇತಾಡುವುದು ಒಂದು ಸೆಂಟಿಮೀಟರ್ ಅಗಲದ ಲಾಡಿಯ ಮೇಲೆ. ಜಾರಬಾರದು ಅಂತ ನಾವು ಅದನ್ನು ಉಸಿರು ಒಳಗೆಳೆದುಕೊಂಡು ಕಟ್ಟುತ್ತೇವೆ, ದಿನಾ ಅದೇ ಜಾಗಕ್ಕೆ, ಗಂಟು ಕೂಡ ಅದೇ ಕಡೆಗೆ.

ಇದನ್ನು ಸಣ್ಣ ವಿಷಯ ಅಂತ ನಾನೂ ಅಂದುಕೊಂಡಿದ್ದೆ. 2024ರಲ್ಲಿ ಬಿಎಂಜೆ ಕೇಸ್ ರಿಪೋರ್ಟ್ಸ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು ಇಬ್ಬರು ವಯಸ್ಸಾದ ಹೆಂಗಸರ ಬಗ್ಗೆ ಬರೆದಿದ್ದರು. ದಶಕಗಟ್ಟಲೆ ಸೊಂಟಕ್ಕೆ ಬಿಗಿಯಾಗಿ ಕಟ್ಟಿದ ಜಾಗದಲ್ಲಿ ಚರ್ಮ ಉಜ್ಜಿ ಉಜ್ಜಿ ಹುಣ್ಣಾಗಿ, ವಾಸಿಯಾಗದೆ ಉಳಿದು, ಕೊನೆಗೆ ಚರ್ಮದ ಕ್ಯಾನ್ಸರ್ ಆಗಿತ್ತು. ಅವರಲ್ಲಿ ಒಬ್ಬರು ಲಂಗವನ್ನೇ ಹಾಕದೆ ಸೀರೆಯನ್ನೇ ಸೊಂಟಕ್ಕೆ ಬಿಗಿದು ಉಡುತ್ತಿದ್ದವರು. ಅಂದರೆ ತೊಂದರೆ ಲಾಡಿಯದೊಂದೇ ಅಲ್ಲ, ಒಂದೇ ಜಾಗದ ಮೇಲೆ ದಿನಾ ಬೀಳುವ ಬಿಗಿತದ್ದು. ಇದು ತುಂಬಾ ಅಪರೂಪ, ಗೆರೆ ಇದ್ದವರೆಲ್ಲ ಹೆದರಬೇಕಾಗಿಲ್ಲ. ಆದರೆ ಆ ಜಾಗದಲ್ಲಿ ವಾಸಿಯಾಗದ ಹುಣ್ಣು, ಗಂಟು, ನೀರು ಒಸರುವುದು ಕಂಡರೆ ಮುಲಾಮು ಹಚ್ಚಿಕೊಂಡು ಸುಮ್ನೆ ಕೂರಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.

ಭಾರದ ಕಥೆ ಹಳೆಯದು

ಮೈಗೆ ಆಕಾರ ಕೊಡುವ ಒಳಉಡುಪು ಅಂದರೆ ಎಲ್ಲರಿಗೂ ಯುರೋಪಿನ ಕಾರ್ಸೆಟ್ ನೆನಪಾಗುತ್ತದೆ. 16ನೇ ಶತಮಾನದಿಂದ ಅಲ್ಲಿನ ಸಿರಿವಂತ ಮನೆಯ ಹೆಂಗಸರು ಗಟ್ಟಿ ಮಾಡಿದ, ಹಗ್ಗ ಎಳೆದು ಕಟ್ಟುವ ಅಂಗಿ ಹಾಕುತ್ತಿದ್ದರು. ಮುಂದೆ ಅದಕ್ಕೆ ಹೆಚ್ಚಾಗಿ ತಿಮಿಂಗಿಲದ ಬಾಯಲ್ಲಿರುವ ಜಾಲರಿಯಂಥ ಪಟ್ಟಿಗಳನ್ನು ಸೀಳಿ ಹೊಲಿಯುತ್ತಿದ್ದರು. ಅದನ್ನು ಮೂಳೆ ಅಂತ ಕರೆದರೂ ಅದು ಮೂಳೆ ಅಲ್ಲ, ನಮ್ಮ ಉಗುರಿನ ಜಾತಿಯದು. ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. 1828ರ ಹೊತ್ತಿಗೆ ಹಗ್ಗ ಹೋಗುವ ತೂತುಗಳಿಗೆ ಲೋಹದ ಬಳೆ ಹಾಕುವುದು ಬಂತು. ಅಲ್ಲಿಯವರೆಗೆ ಜೋರಾಗಿ ಎಳೆದರೆ ಬಟ್ಟೆ ಹರಿಯುತ್ತಿತ್ತು, ಇನ್ನು ಮೇಲೆ ಹರಿಯುವುದಿಲ್ಲ, ಹಾಗಾಗಿ ಇನ್ನೂ ಬಿಗಿಯಾಗಿ ಎಳೆಯಬಹುದಾಯಿತು.

ಕಾರ್ಸೆಟ್ ಅಂದರೆ ಬರೀ ಹಿಂಸೆ ಅಂತ ನಾನು ಬಹಳ ದಿನ ನಂಬಿದ್ದೆ. ಓದುತ್ತಾ ಹೋದಾಗ ತಿಳಿದದ್ದು ಬೇರೆ. ಆ ಕಾಲದ ಹೆಂಗಸರು ಒಂದರ ಮೇಲೊಂದು ಎಷ್ಟೋ ಒಳಲಂಗ ಹಾಕಿ ಅದರ ಮೇಲೆ ದೊಡ್ಡ ಲಂಗ ಉಡುತ್ತಿದ್ದರು. 1881ರಲ್ಲಿ ಲಂಡನ್ನಿನಲ್ಲಿ ಹೆಂಗಸರ ಉಡುಪು ಸುಧಾರಣೆಗೆ ಹುಟ್ಟಿದ ರ‍್ಯಾಷನಲ್ ಡ್ರೆಸ್ ಸೊಸೈಟಿ ಕೇಳಿದ್ದೇನು ಗೊತ್ತಾ? ಒಳಉಡುಪುಗಳ ಒಟ್ಟು ತೂಕ 7 ಪೌಂಡ್ ಮೀರಬಾರದು ಅಂತ. ಅಂದರೆ 3 ಕಿಲೋಗೂ ಮೇಲೆ. ಸುಧಾರಣೆಯ ಮಿತಿಯೇ ಅಷ್ಟು ಅಂದಮೇಲೆ ಅದಕ್ಕೂ ಮೊದಲು ಎಷ್ಟಿತ್ತೋ ಲೆಕ್ಕ ಹಾಕಿ. ಅಷ್ಟೊಂದು ಲಂಗದ ಲಾಡಿಗಳು ನೇರವಾಗಿ ಸೊಂಟ ಕೊಯ್ಯದ ಹಾಗೆ ಭಾರವನ್ನು ಪಕ್ಕೆಯಿಂದ ಸೊಂಟದವರೆಗೆ ಹಂಚುತ್ತಿದ್ದದ್ದು ಇದೇ ಕಾರ್ಸೆಟ್. ಎದೆಗೆ ಆಧಾರವೂ ಅದೇ. ವಿಪರೀತ ಬಿಗಿದರೆ ಪಕ್ಕೆಲುಬು ಒತ್ತುತ್ತಿತ್ತು, ಉಸಿರು ಪೂರ್ತಿ ಹೋಗುತ್ತಿರಲಿಲ್ಲ, ಅದೂ ನಿಜ. ಎರಡೂ ನಿಜ.

1889ರ ಪ್ಯಾರಿಸ್ ಪ್ರದರ್ಶನದಲ್ಲಿ ಎರ್ಮಿನಿ ಕಾದೋಲ್ ಅನ್ನುವ ಹೆಂಗಸು ಕಾರ್ಸೆಟ್ಟನ್ನು ಎರಡು ಭಾಗ ಮಾಡಿ ತೋರಿಸಿದಳು, ಮೇಲಿನ ಭಾಗದ ಭಾರ ಭುಜದ ಪಟ್ಟಿಗೆ ಹೋಯಿತು. 1914ರಲ್ಲಿ ನ್ಯೂಯಾರ್ಕಿನ ಮೇರಿ ಫೆಲ್ಪ್ಸ್ ಜೇಕಬ್ ಬ್ರಾಗೆ ಪೇಟೆಂಟ್ ಪಡೆದಳು. ಮೊದಲು ಮಾಡಿದ್ದು ಎರಡು ರೇಷ್ಮೆ ಕರವಸ್ತ್ರ, ಒಂದು ರಿಬ್ಬನ್ನಿನಿಂದ. ನಂತರ ಹೊಟ್ಟೆ, ಸೊಂಟ ಬಿಗಿಯುವ ರಬ್ಬರ್ ದಾರದ ಒಳಉಡುಪು, ಗರ್ಡಲ್ ಬಂತು. 1958ರಲ್ಲಿ ಡ್ಯೂಪಾಂಟ್ ಕಂಪನಿಯ ಜೋಸೆಫ್ ಶೈವರ್ಸ್ ಆ ರಬ್ಬರಿಗೆ ಬದಲಿ ಹುಡುಕುತ್ತಾ ಸ್ಪ್ಯಾಂಡೆಕ್ಸ್ ಕಂಡುಹಿಡಿದ. ಲೈಕ್ರಾ ಅಂತ ನಮಗೆ ಗೊತ್ತಿರುವುದು ಅದರದ್ದೇ ಒಂದು ಬ್ರ್ಯಾಂಡ್ ಹೆಸರು. ಐದು ಪಟ್ಟು ಎಳೆದರೂ ವಾಪಸ್ ಬರುವ ದಾರ. 2000ದಲ್ಲಿ ಸ್ಪ್ಯಾಂಕ್ಸ್ ಅನ್ನುವ ಶೇಪ್‌ವೇರ್ ಕಂಪನಿ ಶುರು ಮಾಡಿದ ಸಾರಾ ಬ್ಲೇಕ್ಲಿ, ಪ್ಯಾಂಟಿನ ಒಳಗೆ ಹಾಕಲು ಉದ್ದ ಕಾಲುಚೀಲದ ಪಾದವನ್ನೇ ಕತ್ತರಿಸಿಕೊಂಡಿದ್ದಳಂತೆ. ಇವತ್ತು ನಮ್ಮ ಅಂಗಡಿಗಳಲ್ಲಿ ನೇತುಹಾಕಿರುವ ಸೀರೆ ಶೇಪ್‌ವೇರಿನ ಬಟ್ಟೆಯೂ ಇದೇ, ಸ್ಪ್ಯಾಂಡೆಕ್ಸ್ ಜೊತೆ ನೈಲಾನ್ ಅಥವಾ ಪಾಲಿಯೆಸ್ಟರ್.

ನಮ್ಮ ಲಾಡಿ ಲಂಗ ಅಷ್ಟೇನೂ ಹಳೆಯದಲ್ಲ. ನಮ್ಮಜ್ಜಿ ಕಚ್ಚೆ ಸೀರೆ ಉಡುತ್ತಿದ್ದರು, ಒಳಗೆ ಲಂಗ ಇರಲಿಲ್ಲ. ಸೀರೆಯೇ ಸೊಂಟವನ್ನು ಸುತ್ತಿ ಕಾಲ ನಡುವೆ ಹಾದು ಹಿಂದೆ ಸಿಕ್ಕುತ್ತಿತ್ತು. ಬಗ್ಗಿ ನಾಟಿ ಮಾಡಿದರೂ ಜಾರದು. ಬ್ಲೌಸು, ಒಳಲಂಗದ ಜೊತೆಗೆ ಈಗಿನ ರೀತಿ ಸೀರೆ ಉಡುವುದು ಬಂಗಾಳದ ಮೇಲ್ವರ್ಗದ ಮನೆಗಳಲ್ಲಿ ಹರಡಿದ್ದಕ್ಕೆ ಜ್ಞಾನದಾನಂದಿನಿ ದೇವಿಯ ಹೆಸರು ಹೇಳುತ್ತಾರೆ. ರವೀಂದ್ರನಾಥ ಟ್ಯಾಗೋರರ ಅತ್ತಿಗೆ. 1860ರ ದಶಕದಲ್ಲಿ ಗಂಡ ಸತ್ಯೇಂದ್ರನಾಥರ ಜೊತೆ ಮುಂಬೈಗೆ ಹೋದಾಗ ಪಾರ್ಸಿ ಹೆಂಗಸರನ್ನು ನೋಡಿ ಕಲಿತರು. ಈ ಸತ್ಯೇಂದ್ರನಾಥರು ಮುಂದೆ ನಮ್ಮ ಕಾರವಾರದಲ್ಲಿ ಜಡ್ಜ್ ಆಗಿದ್ದವರು. ಅಲ್ಲಿನ ಕಡಲತೀರಕ್ಕೆ ಟ್ಯಾಗೋರರ ಹೆಸರು ಬಂದದ್ದೂ ತಮ್ಮ ರವೀಂದ್ರನಾಥರು ಅಣ್ಣನ ಮನೆಗೆ ಬಂದಿದ್ದರಿಂದ.

ಹಾಗಾದರೆ ಯಾವುದು?

ಕಾಟನ್ ಲಾಡಿ ಲಂಗದಿಂದಲೇ ಶುರು ಮಾಡೋಣ, ಯಾಕೆಂದರೆ ಅದನ್ನು ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಗಾಳಿ ಆಡುತ್ತದೆ. ಬೆವರು ಹೀರುತ್ತದೆ. ಕುಕ್ಕರುಗಾಲಲ್ಲಿ ಕೂತು ರಂಗೋಲಿ ಹಾಕಬಹುದು, ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣಬಹುದು, ಬಸ್ಸಿನ ಎತ್ತರದ ಮೆಟ್ಟಿಲು ಹತ್ತಬಹುದು. ಊಟ ಆದಮೇಲೆ ಲಾಡಿಯನ್ನು ಒಂದು ಬೆರಳಷ್ಟು ಸಡಿಲ ಮಾಡಬಹುದು, ಇದು ಬೇರೆ ಯಾವುದರಲ್ಲೂ ಆಗದ ಕೆಲಸ. ದಪ್ಪ ಕಾಟನ್, ಇಳಕಲ್, ಕಂಚಿ ರೇಷ್ಮೆ ಇಂಥವು ತಾವೇ ಗಟ್ಟಿಯಾಗಿ ನಿಲ್ಲುವ ಸೀರೆಗಳು, ಅವುಗಳ ಒಳಗೆ ಶೇಪ್‌ವೇರ್ ಹಾಕಿದರೂ ಹೊರಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ. ಸುಮ್ನೆ ಸೆಕೆ ಅನುಭವಿಸುವುದು ಯಾಕೆ?

ಅದರ ದೋಷ ಲಾಡಿಯದು ಮಾತ್ರ. ಅದಕ್ಕೆ ದಾರಿ ಇದೆ. ಟೈಲರ್ ಹತ್ತಿರ ಹೇಳಿ ಸೊಂಟಕ್ಕೆ ಎರಡೂವರೆ ಇಂಚು ಅಗಲದ ಬೆಲ್ಟ್ ಇಟ್ಟು, ಪಕ್ಕದಲ್ಲಿ ಎರಡು ಸಾಲು ಹುಕ್ ಹಾಕಿಸಿ. ಒಳಗಡೆ ಮೆತ್ತನೆಯ ಕಾಟನ್ ಲೈನಿಂಗ್ ಇರಲಿ. ಭಾರ ಒಂದು ಸೆಂಟಿಮೀಟರಿನಿಂದ ಆರು ಸೆಂಟಿಮೀಟರಿಗೆ ಹಂಚಿತು ಅಂದರೆ ಅಷ್ಟು ಬಿಗಿಯುವ ಅಗತ್ಯವೇ ಬೀಳುವುದಿಲ್ಲ. ನಮ್ಮ ಟೈಲರ್ ಮೊದಲು "ಇದ್ಯಾಕೆ ಮೇಡಂ, ಲಾಡಿ ಸಾಕಲ್ವಾ" ಅಂದರು. ಈಗ ನಮ್ಮ ಸ್ಟಾಫ್ ರೂಮಿನ ಐದು ಜನಕ್ಕೆ ಅವರೇ ಹೊಲಿದು ಕೊಟ್ಟಿದ್ದಾರೆ.

ಇನ್ನು ಸೀರೆ ಶೇಪ್‌ವೇರ್. ಸೊಂಟದಿಂದ ಮೊಣಕಾಲಿನವರೆಗೆ ಮೈಗೆ ಅಂಟಿ, ಕೆಳಗೆ ಮೀನಿನ ಬಾಲದ ಹಾಗೆ ಅಗಲವಾಗುವ ಲಂಗ. ಫಿಶ್ ಕಟ್, ಮರ್ಮೇಡ್ ಅಂತೆಲ್ಲ ಹೆಸರು. ಇದರ ನಿಜವಾದ ಗುಣ ತೆಳ್ಳಗೆ ಮಾಡುವುದಲ್ಲ. ಲಂಗದ ಸುಕ್ಕು, ಘೇರು ಎರಡೂ ಇಲ್ಲದ್ದರಿಂದ ಸೀರೆ ಸಪಾಟಾಗಿ ಕೂರುತ್ತದೆ, ಅಷ್ಟೇ ಸಾಕು ಕಣ್ಣಿಗೆ. ಕ್ರೇಪ್, ಜಾರ್ಜೆಟ್, ಶಿಫಾನ್ ಇಂಥ ಮೈಗಂಟುವ ಸೀರೆಗಳಿಗೆ ಇದು ಹೇಳಿ ಮಾಡಿಸಿದ್ದು. ಮೈಸೂರು ಸಿಲ್ಕ್ ಕೂಡ ಕ್ರೇಪೇ, ಹಾಗಾಗಿ ಅದರಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಸೊಂಟದ ಪಟ್ಟಿ ಅಗಲ ಇರುವುದರಿಂದ ಲಾಡಿಯಷ್ಟು ಗೆರೆ ಬೀಳುವುದಿಲ್ಲ, ತೊಡೆ ಉಜ್ಜಿ ಉರಿಯುವುದು ಕೆಲವರಿಗೆ ಕಡಿಮೆಯಾಗುತ್ತದೆ.

ತೊಂದರೆಗಳೂ ಇವೆ. ಬಟ್ಟೆ ನುಣುಪು, ನೆರಿಗೆ ಸಿಕ್ಕಿಸಿದ್ದು ನಿಧಾನಕ್ಕೆ ಜಾರುತ್ತದೆ, ಭಾರದ ಸೀರೆ ಪಟ್ಟಿಯನ್ನೇ ಕೆಳಗೆ ಎಳೆಯುತ್ತದೆ. ಅದಕ್ಕೇ ಕೆಲವು ಕಂಪನಿಗಳು ಎಲಾಸ್ಟಿಕ್ ಪಟ್ಟಿಯೊಳಗೆ ಲಾಡಿಯನ್ನೂ ಕೊಡುತ್ತವೆ. ಲಾಡಿ ಇರುವುದನ್ನೇ ಕೊಳ್ಳಿ, ಮೆಲ್ಲಗೆ ಕಟ್ಟಿ, ನೆರಿಗೆಗೆ ಎರಡು ಪಿನ್ ಹಾಕಿ. ಪಕ್ಕದಲ್ಲಿ ಸೀಳು ಇದೆಯಾ ನೋಡಿ. ಸೀಳಿಲ್ಲದ್ದರಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ, ಮೆಟ್ಟಿಲಲ್ಲಿ ಗೊತ್ತಾಗುತ್ತದೆ. ನೆಲದ ಮೇಲೆ ಕೂರುವ ಪೂಜೆ, ಸತ್ಯನಾರಾಯಣ ಕಥೆ ಇದ್ದ ದಿನ ಇದು ಬೇಡ. ಶೌಚಾಲಯದ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ: ಲಂಗದಂಥದ್ದನ್ನು ಸೀರೆ ಸಮೇತ ಮೇಲೆತ್ತಬಹುದು, ಆದರೆ ಬಿಗಿ ಇದ್ದರೆ ತೊಡೆಯ ಹತ್ತಿರವೇ ನಿಲ್ಲುತ್ತದೆ. ಕೊಂಡ ಮೇಲೆ ಮನೆಯಲ್ಲಿ ಒಂದು ಸಲ ಎತ್ತಿ ನೋಡಿಕೊಳ್ಳಿ. ಮದುವೆ ಛತ್ರದಲ್ಲಿ ಕಲಿಯುವ ಪಾಠ ಅಲ್ಲ ಇದು.

ಮೂರನೆಯದು ಎತ್ತರದ ಸೊಂಟಪಟ್ಟಿಯ ಚಡ್ಡಿ ಅಥವಾ ಶಾರ್ಟ್ಸ್, ಟಮ್ಮಿ ಟಕರ್ ಅಂತ ಮಾರುವುದು. ಕುರ್ತಾ, ಗೌನ್, ಪ್ಯಾಂಟಿನ ಒಳಗೆ ಚೆನ್ನಾಗಿರುತ್ತದೆ. ಸೀರೆಯೊಳಗೆ ನನಗೆ ಹಿಡಿಸಲಿಲ್ಲ. ಇದರ ಮೇಲೆ ಲಂಗವೂ ಬೇಕು, ಲಾಡಿಯೂ ಬಂತು, ಸೆಕೆ ಎರಡು ಪಟ್ಟು, ಶೌಚಕ್ಕೆ ಹೋದರೆ ಸೀರೆ ಲಂಗ ಎತ್ತಿ ಹಿಡಿದು ಇದನ್ನು ಕೆಳಗೆ ಎಳೆಯಬೇಕು. ಜೊತೆಗೆ ಇನ್ನೊಂದು ವಿಷಯ ಇದೆ. ಗೌನಿನಲ್ಲಿ ಮೈ ಪೂರ್ತಿ ಮುಚ್ಚಿರುತ್ತದೆ. ಸೀರೆಯಲ್ಲಿ ಬ್ಲೌಸಿಗೂ ನೆರಿಗೆಗೂ ನಡುವೆ ಒಂದು ಗೇಣು ತೆರೆದೇ ಇರುತ್ತದೆ. ಬೊಜ್ಜು ಎಲ್ಲಿಗೂ ಹೋಗುವುದಿಲ್ಲ, ಒತ್ತಿದ ಕಡೆಯಿಂದ ಪಕ್ಕಕ್ಕೆ ಸರಿಯುತ್ತದೆ. ಪಟ್ಟಿ ಬಿಗಿಯಾದಷ್ಟೂ ಅದು ಬಂದು ಕೂರುವುದು ಆ ತೆರೆದ ಗೇಣಿನಲ್ಲೇ. ಹಾಗಾಗಿ ಸೀರೆಗೆ ಬಿಗಿ ಜಾಸ್ತಿಯಾದರೆ ಚೆಂದ ಕಡಿಮೆ. ಇದು ನನಗೆ ಅರ್ಥ ಆಗುವಷ್ಟರಲ್ಲಿ ಎರಡು ಪೀಸ್ ಕೊಂಡಾಗಿತ್ತು.

ಕಾರ್ಸೆಟ್, ಸೊಂಟಕ್ಕೆ ಬಿಗಿದು ಕಟ್ಟುವ ವೇಸ್ಟ್ ಟ್ರೇನರ್ ಪಟ್ಟಿ, ಎದೆಯಿಂದ ತೊಡೆಯವರೆಗಿನ ಬಾಡಿಸೂಟ್ ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಡಿಸೂಟ್ ಸೀರೆಯಲ್ಲಿ ಹೊಟ್ಟೆಯ ಹತ್ತಿರ ಕಾಣುತ್ತದೆ, ಗೌನಿಗೆ ಸರಿ. ವೇಸ್ಟ್ ಟ್ರೇನರ್ ಹಾಕಿದರೆ ಸೊಂಟ ಶಾಶ್ವತವಾಗಿ ಸಣ್ಣದಾಗುತ್ತದೆ ಅನ್ನುವ ಮಾತನ್ನು ನಂಬಬೇಡಿ. ಬಿಚ್ಚಿದ ಮೇಲೆ ಮೈ ತನ್ನ ಆಕಾರಕ್ಕೆ ವಾಪಸ್ ಬರುತ್ತದೆ, ಬೆವರಿ ಇಳಿದ ತೂಕ ನೀರು ಕುಡಿದರೆ ವಾಪಸ್ ಬರುತ್ತದೆ.

ಬಾಣಂತಿಯರು ಕೇಳುತ್ತಾರೆ, ಹೊಟ್ಟೆಗೆ ಬಟ್ಟೆ ಕಟ್ಟುವ ಬದಲು ಶೇಪ್‌ವೇರ್ ಹಾಕಬಹುದಾ ಅಂತ. ನಮ್ಮಲ್ಲಿ ಹಳೇ ಕಾಟನ್ ಸೀರೆಯನ್ನು ಮಡಚಿ ಅಗಲವಾಗಿ ಸುತ್ತುತ್ತಿದ್ದರಲ್ವಾ, ಅದರ ಕೆಲಸ ಸಡಿಲಾದ ಹೊಟ್ಟೆಗೆ, ಬೆನ್ನಿಗೆ ಆಸರೆ ಕೊಡುವುದು. ಶೇಪ್‌ವೇರಿನ ಕೆಲಸ ಒತ್ತುವುದು. ಎರಡೂ ಒಂದೇ ಅಲ್ಲ. ಆಪರೇಷನ್ ಆಗಿದ್ದರಂತೂ ಡಾಕ್ಟರ್ ಹೇಳಿದ ಬೆಲ್ಟ್ ಬಿಟ್ಟು ಬೇರೇನೂ ಬೇಡ.

ಅಳತೆಯ ಮಾತು

ನಾನು ಅನುಭವಿಸಿದ್ದು ಇಲ್ಲಿ. ಮೇ ತಿಂಗಳು, ಮಂಗಳೂರಿನಲ್ಲಿ ಚಿಕ್ಕಮ್ಮನ ಮಗಳ ಮದುವೆ. ನನ್ನ ಅಳತೆ ಎಲ್. ಅಂಗಡಿಯವರು "ಒಂದು ಸೈಜ್ ಕಮ್ಮಿ ತಗೊಳ್ಳಿ, ಚೆನ್ನಾಗಿ ಹಿಡಿಯುತ್ತೆ" ಅಂದರು, ಎಂ ತಂದೆ. ಬೆಳಗ್ಗೆ ಐದಕ್ಕೆ ಹಾಕಿದ್ದು. ಮುಹೂರ್ತದ ಹೊತ್ತಿಗೆ ಬೆವರು ಇಳಿಯುತ್ತಿತ್ತು, ಊಟಕ್ಕೆ ಕೂತರೆ ಎರಡು ತುತ್ತಿಗೇ ಹುಳಿ ತೇಗು ಗಂಟಲಿಗೆ ಬಂತು. ಮಧ್ಯಾಹ್ನ ಎಡ ತೊಡೆಯ ಹೊರಭಾಗ ಜೋಮು ಹಿಡಿಯಿತು. ಬಿಚ್ಚಿದರೆ ಸರಿಹೋಗುತ್ತದೆ ಅಂದುಕೊಂಡೆ. ಹತ್ತು ದಿನ ಅಲ್ಲಿ ಮುಟ್ಟಿದರೆ ಚುರುಚುರು. ಡಾಕ್ಟರ್ ಹೇಳಿದ್ದು, ತೊಡೆಯ ಸಂದಿನ ಹತ್ತಿರ ಹಾದು ಬರುವ ಒಂದು ನರ ಒತ್ತಿಹೋಗಿದೆ, ಬಿಗಿ ಬೆಲ್ಟ್, ಬಿಗಿ ಪ್ಯಾಂಟ್ ಹಾಕುವವರಿಗೂ ಆಗುತ್ತದೆ, ಬಿಗಿ ಬಿಟ್ಟರೆ ಹೋಗುತ್ತದೆ ಅಂತ. ಹೋಯಿತು.

ಅವತ್ತಿನಿಂದ ಟೇಪ್ ಇಲ್ಲದೆ ಕೊಳ್ಳುವುದಿಲ್ಲ. ಸೊಂಟವನ್ನು ಸೀರೆ ಕಟ್ಟುವ ಜಾಗದಲ್ಲೇ ಅಳೆಯಿರಿ, ಉಸಿರು ಬಿಟ್ಟು, ಹೊಟ್ಟೆ ಸಡಿಲ ಬಿಟ್ಟು. ಹಿಂಭಾಗ ಎಲ್ಲಿ ಜಾಸ್ತಿ ಅಗಲವೋ ಅಲ್ಲಿ ಇನ್ನೊಂದು ಅಳತೆ. ಆ ಕಂಪನಿಯ ಚಾರ್ಟ್ ನೋಡಿ, ಒಂದರ ಎಲ್ ಇನ್ನೊಂದರ ಎಲ್ ಆಗಿರುವುದಿಲ್ಲ. ಎರಡು ಅಳತೆ ಎರಡು ಸೈಜಿಗೆ ಬಂದರೆ ದೊಡ್ಡದನ್ನೇ ತೆಗೆದುಕೊಳ್ಳಿ. ಉದ್ದವನ್ನೂ ನೋಡಿ, ಕೆಳ ಅಂಚು ಸೀರೆಗಿಂತ ಎರಡು ಇಂಚಾದರೂ ಮೇಲಿರಬೇಕು. ಮನೆಗೆ ತಂದ ಮೇಲೆ ಟ್ಯಾಗ್ ಕೀಳದೆ ಹಾಕಿಕೊಂಡು ಕಾಲು ಗಂಟೆ ಕಳೆಯಿರಿ. ಕುರ್ಚಿಯಲ್ಲಿ ಕೂತು ಏಳಿ, ಮೆಟ್ಟಿಲು ಹತ್ತಿ, ಒಂದು ಲೋಟ ನೀರು ಕುಡಿದು ಜೋರಾಗಿ ಉಸಿರೆಳೆಯಿರಿ. ಪಟ್ಟಿ ಸುರುಳಿ ಸುತ್ತಿದರೆ, ಕಾಲು ಜುಮ್ಮೆಂದರೆ, ವಾಪಸ್ ಮಾಡಿ. ನಾಚಿಕೆ ಬೇಡ.

ಹೊತ್ತಿನ ಲೆಕ್ಕವೂ ಬೇಕು. ನಾನು ನಾಲ್ಕೈದು ಗಂಟೆಗಿಂತ ಜಾಸ್ತಿ ಹಾಕುವುದಿಲ್ಲ, ಮಲಗುವಾಗಂತೂ ಇಲ್ಲವೇ ಇಲ್ಲ. ಗರ್ಭಿಣಿಯರು, ಹುಳಿತೇಗಿನ ತೊಂದರೆ ಇರುವವರು, ಸೊಂಟದ ಸುತ್ತ ಹುಳುಕಡ್ಡಿ ಆಗಿರುವವರು ಬಿಗಿಯಾದದ್ದು ಯಾವುದನ್ನೂ ಹಾಕಬೇಡಿ. ನಮ್ಮ ಹವೆಯಲ್ಲಿ ನೈಲಾನಿನೊಳಗೆ ಬೆವರು ನಿಂತರೆ ಹುಳುಕಡ್ಡಿ ಹರಡಲು ಹೊತ್ತು ಬೇಕಿಲ್ಲ. ಒಳಗೆ ಕಾಟನ್ ಚಡ್ಡಿ ಇರಲಿ, ಒಂದು ಸಲ ಹಾಕಿದ್ದನ್ನು ಒಗೆಯದೆ ಮತ್ತೆ ಹಾಕಬೇಡಿ. ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಬಿಸಿನೀರು, ಬ್ಲೀಚ್, ಇಸ್ತ್ರಿ ಮೂರೂ ಸ್ಪ್ಯಾಂಡೆಕ್ಸ್ ದಾರವನ್ನು ಕೊಲ್ಲುತ್ತವೆ, ಆಮೇಲೆ ಅದು ಬಿಗಿಯೂ ಇಲ್ಲ ಸಡಿಲವೂ ಇಲ್ಲದ ಚೀಲ.

ಈಗ ನನ್ನ ಕಪಾಟಿನಲ್ಲಿ ಬೆಲ್ಟ್ ಇಟ್ಟು ಹೊಲಿಸಿದ ಕಾಟನ್ ಲಂಗ ನಾಲ್ಕು, ಶಾಲೆಗೆ ಅವೇ. ಲಾಡಿ ಇರುವ, ಪಕ್ಕ ಸೀಳಿರುವ ಶೇಪ್‌ವೇರ್ ಎರಡು, ಒಂದು ಕಪ್ಪು, ಒಂದು ಮೈಬಣ್ಣದ್ದು, ರಿಸೆಪ್ಷನ್ನಿಗೆ, ಶಾಲೆಯ ವಾರ್ಷಿಕೋತ್ಸವಕ್ಕೆ. ಒಂದೇ ಕೊಳ್ಳುವುದಾದರೆ ಮೈಬಣ್ಣದ್ದು ಕೊಳ್ಳಿ, ತಿಳಿ ಬಣ್ಣದ ಶಿಫಾನಿನೊಳಗೆ ಬಿಳಿಯದಕ್ಕಿಂತ ಅದೇ ಕಡಿಮೆ ಕಾಣುತ್ತದೆ. ಹಳೇ ಲಾಡಿ ಲಂಗಗಳನ್ನು ಎಸೆದಿಲ್ಲ, ಮನೆಯಲ್ಲಿ ಹಾಕುತ್ತೇನೆ, ಆದರೆ ಗಂಟನ್ನು ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ, ಲಾಡಿಯನ್ನು ಒಂದು ಇಂಚು ಮೇಲೆ ಕೆಳಗೆ. ಸೊಂಟದ ಗೆರೆ ಪೂರ್ತಿ ಹೋಗಿಲ್ಲ. ಈ ಸಲದ ಏಪ್ರಿಲ್‌ನಲ್ಲಿ ತುರಿಕೆ ಬರಲಿಲ್ಲ.